ಹೊಸ ಬಜಾರಿನಲ್ಲಿ ಹಿಡಿದ ಕೈ

ನಾನು ಹುಟ್ಟಾ ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ನಿರಾಳ. ಬಸ್ಸಿನಲ್ಲಿ ತಪಾಸಣೆಯವರು ಹತ್ತಿದರೆ ಜೇಬಿನಲ್ಲಿರುವ ಟಿಕೆಟನ್ನು ಮೂರು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ಪೊಲೀಸರು ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತಿದ್ದರೆ, ಹೆಲ್ಮೆಟ್ ಹಾಕಿಕೊಂಡ ನಾನು ಅಡ್ಡ ಓಣಿ ಹಿಡಿಯುತ್ತೇನೆ. ನನ್ನ ಹೆಂಡತಿ ಇದನ್ನೆಲ್ಲ ನೆಂಟರ ಮುಂದೆ ನಟನೆ ಮಾಡಿ ತೋರಿಸಿ ನಗಿಸುತ್ತಿದ್ದಳು. ಆ ಭಾನುವಾರದ ನಂತರ ಒಮ್ಮೆಯೂ ತೋರಿಸಿಲ್ಲ.

ನಮ್ಮದು ತಿಕೋಟಾದ ಮನೆತನ. ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿ ಮಾಡುವ ಶೆಡ್ ಇದೆ, ಎಲ್ಲವನ್ನೂ ನನ್ನ ಅಣ್ಣ ನೋಡಿಕೊಳ್ಳುತ್ತಾನೆ. ನಾನು ವಿಜಯಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಮೊದಲೆಲ್ಲ ದಿನಾ ತಿಕೋಟಾದಿಂದಲೇ ಓಡಾಡುತ್ತಿದ್ದೆ. ಮಗಳಿಗೆ ಮೂರು ತುಂಬಿ ಶಾಲೆಗೆ ಹಾಕುವ ವಯಸ್ಸಾದಾಗ ಸೊಲ್ಲಾಪುರ ರಸ್ತೆಗೆ ಹೊಂದಿಕೊಂಡ ಒಂದು ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದು ಹೆಂಡತಿ, ಮಗಳು, ನಾನು ಮೂವರೇ ಬಂದು ನೆಲೆಸಿದೆವು. ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಓಣಿಯಲ್ಲಿ ನಮ್ಮನ್ನು ಬಲ್ಲವರು ಹಾಲಿನವನೊಬ್ಬ, ಮೇಲಿನ ಮನೆಯವರೊಬ್ಬರು, ಅಷ್ಟೇ.

ಆ ವಾರ ಬಬಲೇಶ್ವರದಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರು. ಭಾನುವಾರ ಬೆಳಗಿನ ಬಸ್ಸಿಗೆ ಹೆಂಡತಿ ತೌರಿಗೆ ಹೊರಟಳು. ಮಗಳಿಗೆ ನೆಗಡಿ ಇದ್ದುದರಿಂದ ಅವಳನ್ನು ನನ್ನ ಬಳಿಯೇ ಬಿಟ್ಟಳು. ಇಡೀ ದಿನ ಮಗಳೊಂದಿಗೆ ನಾನೊಬ್ಬನೇ ಇರುವುದು ಅದೇ ಮೊದಲು. ಹೆಂಡತಿ ಬಾಗಿಲಲ್ಲಿ ನಿಂತು, "ಹೊಸಾ ಬಜಾರಿಗೆ ಹ್ವಾದ್ರ ಅವಲಕ್ಕಿ, ಸಾಬಾಣ ತಗೊಂಡ ಬರ್ರಿ. ಆಕೀ ಕೈ ಮಾತ್ರ ಬಿಡಬ್ಯಾಡ್ರಿ ಮತ್ತ" ಎಂದಳು. ಹಾಗೆ ಹೇಳಲು ಕಾರಣವಿತ್ತು. ಬಡಾವಣೆಯ ಮೊಬೈಲ್ ಗ್ರೂಪಿನಲ್ಲಿ ಕೆಲವು ದಿನಗಳಿಂದ ಒಂದೇ ಸುದ್ದಿ ಹರಿದಾಡುತ್ತಿತ್ತು: ಮಕ್ಕಳ ಕಳ್ಳರು ಬಂದಿದ್ದಾರೆ, ಸಭ್ಯರ ಹಾಗೆ ಬಟ್ಟೆ ಹಾಕಿಕೊಂಡಿರುತ್ತಾರೆ, ಗದ್ದಲದ ಜಾಗದಲ್ಲಿ ಮಕ್ಕಳ ಕೈ ಹಿಡಿದು ನಡೆದುಬಿಡುತ್ತಾರೆ. ಜೊತೆಗೆ ಯಾವುದೋ ಊರಲ್ಲಿ ಯಾರನ್ನೋ ಕಂಬಕ್ಕೆ ಕಟ್ಟಿ ಬಡಿಯುವ ವಿಡಿಯೋ. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ನಾನಂತೂ ಪೂರ್ತಿ ನಂಬಿದ್ದೆ.

ಹೊಸ ಬಜಾರು ತೆರೆದು ನಾಲ್ಕಾರು ದಿನವಾಗಿತ್ತು. ಮೊದಲು ಅದು ಟ್ರ್ಯಾಕ್ಟರ್ ಬಿಡಿಭಾಗಗಳ ಗೋದಾಮಾಗಿತ್ತು. ಈಗ ಗೋಡೆಗೆ ಹಸಿರು ಬಣ್ಣ, ಬಾಗಿಲಿಗೆ ಬಾಳೆಕಂದು, ಬಾಡಿದ ಚೆಂಡುಹೂವಿನ ಮಾಲೆ, ಒಳಗೆ ಬೆಳಕೋ ಬೆಳಕು. ಇಷ್ಟು ದಿನ ದಿನಸಿ ಬೇಕೆಂದರೆ ಸಿದ್ಧೇಶ್ವರ ಗುಡಿಯ ಹತ್ತಿರದ ಪೇಟೆಗೆ ಹೋಗಬೇಕಾಗಿತ್ತು. ಅಲ್ಲಿ ಅಂಗಡಿಯವನೇ ಎಲ್ಲ ಕಟ್ಟಿ ಕೊಡುತ್ತಾನೆ, ನಾವು ಕಟ್ಟೆಯ ಮೇಲೆ ಕೂತು ಚಹಾ ಕುಡಿದರೆ ಆಯಿತು. ಇಲ್ಲಿ ನಾವೇ ಗಾಡಿ ತಳ್ಳಬೇಕು, ನಾವೇ ಆರಿಸಬೇಕು. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಗಳು ನಕ್ಕಳು. ಕಾವಲುಗಾರ ನನ್ನ ಕೈಚೀಲ ಇಸಿದುಕೊಂಡು ಅದರ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದ. ಕಳ್ಳತನ ಮಾಡುವ ವಿಚಾರ ಕನಸಲ್ಲೂ ಇಲ್ಲದ ನನಗೆ, ಆ ಪಟ್ಟಿ ಬಿಗಿಯುವುದನ್ನು ನೋಡಿ ಕಳ್ಳನೇ ಆದಂತೆ ಅನ್ನಿಸಿತು.

ಒಳಗೆ ಜಾತ್ರೆಯ ಜನ. ಅರ್ಧದಷ್ಟು ಜನ ಕೊಳ್ಳಲು ಬಂದಿದ್ದರು, ಉಳಿದರ್ಧ ತಂಪು ಗಾಳಿಯಲ್ಲಿ ಅಡ್ಡಾಡಲು. ಮಗಳು ಒಂದು ಕೈಯಲ್ಲಿ ನನ್ನ ಬೆರಳು, ಇನ್ನೊಂದರಲ್ಲಿ ಗಾಡಿಯ ಸರಳು ಹಿಡಿದು ನಡೆದಳು. ನಾನು ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದೆ. ಬೇಳೆಯ ಸಾಲಿನಲ್ಲಿ ಬಿಡಲಿಲ್ಲ, ಎಣ್ಣೆಯ ಸಾಲಿನಲ್ಲಿ ಬಿಡಲಿಲ್ಲ. ಅವಲಕ್ಕಿ ಮಾತ್ರ ಮೇಲಿನ ಹಲಗೆಯಲ್ಲಿತ್ತು. ತೆಳು ಅವಲಕ್ಕಿಯೋ ದಪ್ಪದ್ದೋ ನೋಡಬೇಕಿತ್ತು, ಎರಡೂ ಕೈ ಎತ್ತಿದೆ.

ಆಗ ಕರೆಂಟು ಹೋಯಿತು.

ನಮ್ಮೂರಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಗೋದಾಮಿಗೆ ಕಿಟಕಿಗಳಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ಕಣ್ಣಿಗೆ ಕಣ್ಣು ಕಾಣದ ಕತ್ತಲೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಯಾರೋ ಸಿಳ್ಳೆ ಹೊಡೆದರು. ಎಲ್ಲೋ ಬಾಟಲಿ ಒಡೆದ ಸದ್ದು. "ಜನರೇಟರ್ ಚಾಲೂ ಮಾಡ್ರೋ" ಎಂದು ಒಬ್ಬ ಕೂಗಿದರೆ, "ಮಾಡಾಂವ ಊಟಕ್ಕ ಹೋಗ್ಯಾನ" ಎಂದು ಇನ್ನೊಬ್ಬ. ನಾನು ಅವಲಕ್ಕಿ ಬಿಸಾಕಿ ಬಗ್ಗಿ ತಡಕಾಡಿದೆ. ಮೊಣಕಾಲ ಎತ್ತರದಲ್ಲಿ ಗಾಳಿ ಬಿಟ್ಟು ಏನೂ ಸಿಗಲಿಲ್ಲ. ಜನ ನುಗ್ಗುತ್ತಿದ್ದರು, ಯಾರದೋ ಗಾಡಿ ನನ್ನ ಸೊಂಟಕ್ಕೆ ಹೊಡೆಯಿತು. ಮಗಳ ಹೆಸರು ಕೂಗಿದೆ, ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಕೈ ಚಾಚಿದೆ. ಒಂದು ಸಣ್ಣ ಕೈ ಸಿಕ್ಕಿತು. ಬೆವರಿದ ಪುಟ್ಟ ಕೈ, ಮಣಿಕಟ್ಟಿನಲ್ಲಿ ದಾರ, ದಾರದಲ್ಲಿ ಕರಿಮಣಿ. ದೃಷ್ಟಿಯಾಗಬಾರದೆಂದು ನಮ್ಮವ್ವ ಮೊಮ್ಮಗಳಿಗೆ ಕಟ್ಟಿದ್ದ ಮಣಿ. ಆ ದಿನ ನನಗೆ ಸಿಕ್ಕ ಅತಿ ದೊಡ್ಡ ಸಮಾಧಾನ ಅದೇ. "ಅಂಜಬ್ಯಾಡವ್ವಾ, ನಾ ಅದೀನಿ" ಎಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದೆ.

ಬಾಗಿಲ ಕಡೆಯಿಂದ ಮಂದ ಬೆಳಕು ಬರುತ್ತಿತ್ತು. ಅತ್ತ ನಡೆದೆ. ಒಮ್ಮೆ ಬಗ್ಗಿ ನೋಡಿದಾಗ ಮಬ್ಬಿನಲ್ಲಿ ಎರಡು ಪುಟ್ಟ ಜಡೆಗಳು ಕಂಡವು. ಬೆಳಿಗ್ಗೆ ಹೆಂಡತಿ ಅವಸರದಲ್ಲಿ ಹೆಣೆದ ಎರಡು ಜಡೆ. ಮತ್ತೇನು ನೋಡಬೇಕಿತ್ತು? ಮಗು ಕಾಲು ಎಳೆಯುತ್ತಿತ್ತು, ಕತ್ತಲಿಗೆ ಅಂಜಿರಬೇಕೆಂದು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ. ಗಾಜಿನ ಬಾಗಿಲನ್ನು ಕಾವಲುಗಾರ ಕೈಯಿಂದ ಸರಿಸಿ ಹಿಡಿದಿದ್ದ. ನಾನು ಹೊರಗಿನ ಮೆಟ್ಟಿಲಿಗೆ ಬಂದೆ. ಬಿಸಿಲು ಮುಖಕ್ಕೆ ರಾಚಿತು. ಉಸ್ಸೆಂದು ಮಗುವಿನ ಮುಖ ನೋಡಿದೆ.

ಅದು ನನ್ನ ಮಗಳ ಮುಖ ಆಗಿರಲಿಲ್ಲ.

ನನ್ನ ಮಗಳ ಮುಖಕ್ಕೆ ಏನಾಯಿತು ಎಂಬುದೇ ನನಗೆ ಹೊಳೆದ ಮೊದಲ ವಿಚಾರ. ಹೆದರಿದ ಮನುಷ್ಯನ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡಿ. ಆಮೇಲೆ ಚಡ್ಡಿ ಕಂಡಿತು, ಅಂಗಿ ಕಂಡಿತು. ಅದೊಂದು ಗಂಡು ಮಗು. ನಮ್ಮ ಕಡೆ ಮನೆದೇವರ ಮುಂದೆ ಜಾವಳ ತೆಗೆಸುವವರೆಗೆ ಗಂಡುಮಕ್ಕಳ ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ. ಹರಕೆ ತಡವಾದರೆ ಮೂರು ನಾಲ್ಕು ವರ್ಷದ ಹುಡುಗರೂ ಜಡೆ ಹಾಕಿಕೊಂಡು ಅಡ್ಡಾಡುತ್ತಿರುತ್ತಾರೆ. ಕರಿಮಣಿಯಂತೂ ಮನೆಮನೆಯ ಮಕ್ಕಳ ಕೈಯಲ್ಲೂ ಇರುತ್ತದೆ. ನಾನು ಯಾರದೋ ಮಗನನ್ನು ಹಿಡಿದು ಹೊರಗೆ ತಂದಿದ್ದೆ. ಹುಡುಗ ನನ್ನ ಮುಖ ನೋಡಿದ, ತುಟಿ ಸೊಟ್ಟ ಮಾಡಿದ, ಆಮೇಲೆ "ಅವ್ವಾ" ಎಂದು ಚೀರಿದ. ಅದೇ ಹೊತ್ತಿಗೆ ಒಳಗಿನ ಕತ್ತಲಿನಿಂದ ಒಂದು ಹೆಣ್ಣು ದನಿ ಅದಕ್ಕಿಂತ ಜೋರಾಗಿ ಚೀರಿತು.

"ನನ ಮಗಾ! ನನ ಮಗನ್ನ ಯಾರೋ ಒಯ್ದ್ರಪೋ!"

ನಾನು ಹುಡುಗನ ಕೈ ಬಿಟ್ಟು ಒಳಗೆ ಓಡಲು ತಿರುಗಿದೆ. ಒಳಗೆ ನನ್ನ ಮಗಳಿದ್ದಳಲ್ಲ. ಆದರೆ ಬಾಗಿಲಲ್ಲಿದ್ದವರ ಕಣ್ಣಿಗೆ ಕಂಡದ್ದು ಬೇರೆ: ಒಬ್ಬ ಗಂಡಸು ಅಳುವ ಹುಡುಗನನ್ನು ಎಳೆದುಕೊಂಡು ಹೊರಗೆ ಬಂದ, ತಾಯಿ ಕೂಗಿದೊಡನೆ ಕೈಬಿಟ್ಟು ಓಡಲು ನೋಡಿದ. ಕಾವಲುಗಾರ ನನ್ನ ರಟ್ಟೆ ಹಿಡಿದ. ಬಿಳಿ ಅಂಗಿಯ ದಪ್ಪ ಮನುಷ್ಯನೊಬ್ಬ ಕೈಯಲ್ಲಿದ್ದ ಚೀಲ ಕೆಳಗಿಟ್ಟು ನನ್ನ ಕಾಲರಿಗೇ ಕೈ ಹಾಕಿದ.

"ಹಿಡೀರಿ ಅವನ್ನ. ಬಿಟ್ಟೀರಿ ಮತ್ತ!"

"ನನ್ನ ಮಗಳು ಒಳಗದಾಳ್ರಿ. ಕತ್ತಲ್ದಾಗ ಕೈ ತಪ್ಪೇತಿ. ಬಿಡ್ರಿ ನನ್ನ, ನಾ ಹುಡುಕಬೇಕು" ಎಂದೆ. ಎಂದೆ ಅನ್ನುವುದಕ್ಕಿಂತ ತೊದಲಿದೆ.

"ಮಗಳಂತ ಹೇಳ್ತಿ, ಹುಡುಗನ್ನ ಹಿಡ್ಕೊಂಡ ಬಂದಿ. ಹುಡುಗ ಯಾರು ಹುಡುಗಿ ಯಾರು ಗೊತ್ತಾಗಂಗಿಲ್ಲೇನ ನಿನಗ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಮಣಿ, ಜಡೆ, ಕತ್ತಲೆ ಎಲ್ಲ ಹೇಳಬಹುದಿತ್ತು. ಆದರೆ ಬಾಯಿಂದ "ಮಣಿ... ಜಡಿ..." ಎಂದಷ್ಟೇ ಬಂತು. ಅಷ್ಟರಲ್ಲಿ ಹುಡುಗನ ತಾಯಿ ಬಂದು ಮಗನನ್ನು ಬಾಚಿಕೊಂಡು ಮೆಟ್ಟಿಲ ಮೇಲೆಯೇ ಕುಸಿದಳು. ಅವಳ ಅಳು ನೋಡಿದ ಜನಕ್ಕೆ ನನ್ನ ಮಾತು ಬೇಕಾಗಲಿಲ್ಲ. ಹತ್ತಾರು ಮೊಬೈಲುಗಳು ಮೇಲೆದ್ದವು. ಆ ಕಂಬಕ್ಕೆ ಕಟ್ಟಿದ ಮನುಷ್ಯನ ವಿಡಿಯೋ ನೆನಪಾಯಿತು.

ಆದರೂ ನಿಜ ಹೇಳಬೇಕೆಂದರೆ, ಬಡಿತದ ಭಯಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಬಜಾರಿಗೂ ಸೊಲ್ಲಾಪುರ ರಸ್ತೆಗೂ ನಡುವೆ ಇರುವುದು ಒಂದು ಚರಂಡಿಯ ಹಾಸುಗಲ್ಲು ಮಾತ್ರ. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬಾಗಿಲು ತೆರೆದೇ ಇತ್ತು, ಅದನ್ನು ಕಾಯಬೇಕಾದ ಕಾವಲುಗಾರ ನನ್ನನ್ನು ಹಿಡಿದುಕೊಂಡು ನಿಂತಿದ್ದ. ಜನ ಒಳಗಿನಿಂದ ಹರಿದು ಬರುತ್ತಿದ್ದರು. ಆ ಕಾಲುಗಳ ನಡುವೆ ನೆಗಡಿ ಹಿಡಿದ ಒಂದು ಪುಟ್ಟ ಹುಡುಗಿ ನುಸುಳಿ ರಸ್ತೆಗೆ ಬಂದಿದ್ದರೆ ಯಾರು ನೋಡಿರುತ್ತಾರೆ? ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪ್ರತಿ ಲಾರಿಯ ಹಾರ್ನಿಗೂ ನಾನು ಕೊರಳು ತಿರುಗಿಸುತ್ತಿದ್ದೆ, ಪ್ರತಿ ಸಲವೂ ಓಡಲು ನೋಡುತ್ತಿದ್ದಾನೆಂದು ಕಾಲರು ಇನ್ನಷ್ಟು ಬಿಗಿಯಾಗುತ್ತಿತ್ತು. "ನನ್ನ ಬೇಕಾರ ಕಟ್ಟಿ ಹಾಕ್ರಿ, ನಿಮ್ಮ ಕಾಲ ಬೀಳ್ತೀನಿ, ಯಾರರೆ ಒಬ್ರು ಒಳಗ ಹೋಗಿ ನನ್ನ ಮಗಳನ್ನ ನೋಡ್ರಿ" ಎಂದು ಅಂಗಲಾಚಿದೆ. ನಾಚಿಕೆ ಗೀಚಿಕೆ ಏನೂ ಉಳಿದಿರಲಿಲ್ಲ.

ಒಳಗೆ ದೀಪ ಹತ್ತಿದವು. ಸ್ವಲ್ಪ ಹೊತ್ತಿನ ಮೇಲೆ ಇಳಕಲ್ ಸೀರೆಯ ಒಬ್ಬ ಮುದುಕಿ ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗಳು ಹಿಟ್ಟಿನ ಚೀಲಗಳ ಸಂದಿಯಲ್ಲಿ ಕೂತಿದ್ದಳಂತೆ. ಮುಖವೆಲ್ಲ ಸಿಂಬಳ, ಹಳದಿ ಫ್ರಾಕಿನ ತುಂಬ ಗೋಧಿ ಹಿಟ್ಟು. ಅಳುತ್ತಿರಲಿಲ್ಲ, ಅತ್ತು ಮುಗಿದ ಬಿಕ್ಕಳಿಕೆ ಮಾತ್ರ ಉಳಿದಿತ್ತು. ಅವಳನ್ನು ನೋಡಿದೊಡನೆ ನನಗೆ ದುಃಖ ಉಮ್ಮಳಿಸಿ ಬಂತು. "ಇಕೀನ ನೋಡ್ರಿ ನನ್ನ ಮಗಳು" ಎಂದು ಕೈ ಚಾಚಿದೆ.

ಬಿಳಿ ಅಂಗಿಯವನು ನನ್ನ ಕೈ ಕೆಳಗೆ ತಳ್ಳಿದ. "ತಡೀ. ಅದನ್ನ ಆ ಕೂಸ ಹೇಳ್ಲಿ."

ಅವನು ಮಗಳ ಕಡೆ ಬಗ್ಗಿದ. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು.

ನಮ್ಮದು ಕೂಡುಮನೆ. ತಿಕೋಟಾದ ಮನೆಯಲ್ಲಿ ಅಣ್ಣನ ಮಕ್ಕಳು ಇಬ್ಬರು, ನನ್ನ ಮಗಳಿಗಿಂತ ದೊಡ್ಡವರು. ಅವರು ತಮ್ಮ ತಂದೆಯನ್ನು ಅಪ್ಪ ಅನ್ನುತ್ತಾರೆ, ನನ್ನನ್ನು ಕಾಕಾ ಅನ್ನುತ್ತಾರೆ. ಮಾತು ಕಲಿಯುವ ಮಗು ಮನೆಯಲ್ಲಿ ಕೇಳಿದ್ದನ್ನೇ ಕಲಿಯುತ್ತದೆ. ನನ್ನ ಮಗಳಿಗೂ ನಮ್ಮಣ್ಣನೇ ಅಪ್ಪ, ನಾನು ಕಾಕಾ. ನಮ್ಮ ಭಾಗದಲ್ಲಿ ಇದು ಹೊಸದಲ್ಲ. ನಾನೂ ನನ್ನ ತಂದೆಯನ್ನು ಅವರು ಇರುವತನಕ ಅಣ್ಣ ಎಂದೇ ಕರೆದವನು, ಏಕೆಂದರೆ ಅವರ ತಂಗಿಯರು, ಅಂದರೆ ನಮ್ಮ ಸೋದರತ್ತೆಯರು, ಅವರನ್ನು ಹಾಗೆ ಕರೆಯುತ್ತಿದ್ದರು. ಸಾಲದ್ದಕ್ಕೆ, ಹಿರಿಯರ ಎದುರಿಗೆ ಗಂಡಸು ತನ್ನ ಕೂಸನ್ನು ಎತ್ತಿ ಮುದ್ದಾಡುವುದು ನಮ್ಮ ಮನೆಯಲ್ಲಿ ಸಂಕೋಚದ ವಿಷಯ. ಅಣ್ಣನೇ ಅವಳನ್ನು ಎತ್ತಿ ಆಡಿಸಿದ್ದು, ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದ್ದು. ನಾನು ದೂರದಿಂದ ನೋಡಿ ಸಂತೋಷಪಡುತ್ತಿದ್ದೆ. ಪಟ್ಟಣಕ್ಕೆ ಬಂದ ಮೇಲೂ ಕರೆಯುವುದು ಬದಲಾಗಿರಲಿಲ್ಲ. ಬದಲಾಗಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

"ತಂಗಿ, ನಿಮ್ಮಪ್ಪ ಎಲ್ಲಿ ಅದಾನವಾ?" ಬಿಳಿ ಅಂಗಿಯವನು ಬಹಳ ಮೆತ್ತಗೆ ಕೇಳಿದ.

"ತ್ವಾಟದಾಗ" ಎಂದಳು ಮಗಳು.

ಜನರೊಳಗೆ ಒಂದು ಗುಸುಗುಸು ಹೊರಟಿತು.

"ಮತ್ತ ಇಂವ ಯಾರು?"

"ಕಾಕಾ."

ಅವಳ ಮಟ್ಟಿಗೆ ಅದು ಪೂರ್ತಿ ನಿಜ. ಸತ್ಯ ಹೇಳಿದ ಮಕ್ಕಳು ಹೇಗೆ ನೋಡುತ್ತಾರೋ ಹಾಗೆ ನೋಡಿದಳು. "ಮಗಳಂತ ಹೇಳ್ದೆಲ್ಲಲೇ, ಮಗನ!" ಎಂದು ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ಗುದ್ದಿದರು. ಒಂದಲ್ಲ, ಎರಡು ಮಕ್ಕಳನ್ನು ಕದ್ದವನಾಗಿದ್ದೆ ನಾನು. ಕಾಕಾ ಎಂದು ಕರೆಸಿಕೊಂಡು ನಂಬಿಸುವುದೇ ಇಂಥವರ ಕಸುಬು ಎಂದು ಒಬ್ಬ ಉಳಿದವರಿಗೆ ವಿವರಿಸುತ್ತಿದ್ದ. ಗ್ರೂಪಿನಲ್ಲಿ ಬಂದ ಸುದ್ದಿಯನ್ನು ಅವನೂ ಓದಿರಬೇಕು.

ಫೋಟೋ ತೋರಿಸುತ್ತೇನೆ ಎಂದೆ. ಅವಸರದಲ್ಲಿ ತಪ್ಪು ಅಂಕಿಗಳನ್ನೇ ಒತ್ತಿದ್ದರಿಂದ ಮೊಬೈಲು ತೆರೆದುಕೊಳ್ಳಲೇ ಇಲ್ಲ. ತೆರೆದಾಗ ಬಿಳಿ ಅಂಗಿಯವನು ಕಸಿದುಕೊಂಡು ಒಂದೊಂದೇ ಚಿತ್ರ ಸರಿಸಿದ. ಮಗಳ ಚಿತ್ರಗಳು ರಾಶಿ ಇದ್ದವು, ಅದರಲ್ಲಿ ಸಂಶಯವಿಲ್ಲ. ಮಗಳು ದ್ರಾಕ್ಷಿ ಚಪ್ಪರದ ಕೆಳಗೆ, ಮಗಳು ಎಮ್ಮೆಯ ಪಕ್ಕದಲ್ಲಿ, ಮಗಳು ಹುಟ್ಟುಹಬ್ಬದ ಟೋಪಿಯಲ್ಲಿ. ಎಲ್ಲ ಚಿತ್ರಗಳನ್ನೂ ತೆಗೆದವನು ನಾನು. ಆದ್ದರಿಂದ ಒಂದರಲ್ಲೂ ನಾನಿರಲಿಲ್ಲ. ಅವಳನ್ನು ಎತ್ತಿಕೊಂಡವನು ಎಲ್ಲದರಲ್ಲೂ ನಮ್ಮಣ್ಣ.

"ಇವ್ರು ಯಾರವಾ?" ಎಂದು ಅವನು ಪರದೆಯನ್ನು ಮಗಳ ಮುಖದ ಮುಂದೆ ಹಿಡಿದ.

ಆ ಹೊತ್ತಿನಲ್ಲಿ ಮೊದಲ ಸಲ ಅವಳ ಮುಖ ಅರಳಿತು. "ಅಪ್ಪ!" ಎಂದಳು.

ನನ್ನ ಗತಿ ಮುಗಿಯಿತು ಎಂದುಕೊಂಡೆ. ಮೊಬೈಲು ವಾಪಸು ಕೇಳಿ ಹೆಂಡತಿಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ತೌರುಮನೆಯ ಮಾತಿನ ಗದ್ದಲದಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಅಣ್ಣನಿಗೆ ಹಚ್ಚಿದೆ, ಅವನು ಫೋನನ್ನು ಶೆಡ್ಡಿನ ಗೂಟಕ್ಕೆ ತೂಗುಹಾಕಿ ತೋಟದೊಳಗೆ ಹೋಗುವವನು. ನನ್ನ ಹೆಂಡತಿ ಫೋನು ಎತ್ತಲಿಲ್ಲವೆನ್ನುವುದು ಜನರಿಗೆ ಕೊನೆಯ ಸಾಕ್ಷಿಯಾಯಿತು. ಬಿಳಿ ಅಂಗಿಯವನು ನನ್ನ ಕೆನ್ನೆಗೆ ಹೊಡೆದ.

ಜೋರಾದ ಏಟೇನೂ ಅಲ್ಲ. ಆದರೆ ನನ್ನ ಕನ್ನಡಕ ಹಾರಿ ಮೆಟ್ಟಿಲ ಕೆಳಗೆ ಬಿತ್ತು. ನನಗೆ ಎಲ್ಲ ಮಸುಕಾಯಿತು. ಆ ಮಸುಕಿನಲ್ಲಿ ಏನೋ ಹಳದಿ ಬಣ್ಣದ್ದು ಮುದುಕಿಯ ಸೊಂಟದಿಂದ ಜಾರಿ ನನ್ನತ್ತ ಬಂದಿತು. ಮಗಳು ನನ್ನ ಎರಡೂ ಕಾಲುಗಳನ್ನು ತಬ್ಬಿಕೊಂಡಿದ್ದಳು. "ನಮ್ಮ ಕಾಕಾಗ ಬಡೀಬ್ಯಾಡ್ರಿ! ಬಡೀಬ್ಯಾಡ್ರಿ!" ಅವಳು ಚೀರುತ್ತಿದ್ದ ರೀತಿಗೆ ಅಲ್ಲಿದ್ದ ಎಲ್ಲ ಮಕ್ಕಳೂ ಅಳಲು ಶುರುಮಾಡಿದರು. ನಾನು ಕೂತೆ, ಅವಳನ್ನು ಎದೆಗೆ ಒತ್ತಿಕೊಂಡೆ. ಬೀಳುವ ಏಟು ಬೆನ್ನ ಮೇಲೆ ಬೀಳಲಿ ಎಂದು ಬಗ್ಗಿ ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. "ಸರೀರಿ ಅತ್ತಾಗ. ಸರಿಯೋ ಮಾರಾಯಾ, ಕೂಸು ಅಂಜಿ ಸಾಯಾಕತ್ತೇತಿ" ಎಂದು ಮುದುಕಿ ಜನರನ್ನು ತಳ್ಳುತ್ತಿದ್ದಳು. ತೊರವಿಯವಳಂತೆ, ಸೊಸೆಯ ಜೊತೆ ಹೊಸ ಬಜಾರು ನೋಡಲು ಬಂದವಳು. ಅವಳು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತು ಮಗಳ ತಲೆ ಸವರಿದಳು.

"ಯವ್ವಾ, ತ್ವಾಟದಾಗ ಅದಾನಲ್ಲ ನಿಮ್ಮಪ್ಪ, ಅವಂಗ ಇನ್ನ ಯಾರ್ಯಾರು ಅಪ್ಪ ಅಂತಾರ?"

ಬಿಕ್ಕುತ್ತ ಮಗಳು ಹೇಳಿದಳು, "ಅಕ್ಕ, ಅಣ್ಣ."

"ಅವ್ರು ಇವಂಗ ಏನಂತಾರ?"

"ಕಾಕಾ."

"ಹಾಂ. ಈಗ ನೀ ಇರೋ ಮನ್ಯಾಗ ಯಾರ್ಯಾರು ಇರ್ತೀರಿ?"

"ನಾ, ಅವ್ವ, ಕಾಕಾ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುದುಕಿ ತಿರುಗಿ ಆ ಕಡೆ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು. "ನಗ್ತೀರೇನ? ನಿಮ್ಮ ಮನ್ಯಾಗ ಹಿರ್ಯಾರಿಲ್ಲೇನ? ಕೂಡಿದ ಮನಿ ಕೂಸಿದು. ನನ್ನ ಮಕ್ಕಳು ಅವರಪ್ಪ ಸಾಯೂತನಾ ಅವಂಗ ಮಾಮಾ ಅಂದ್ವು. ಹಂಗಂತ ಅವಂಗ ಹುಟ್ಟಿಲ್ಲೇನ? ಅವನ್ನ ಬಿಡ್ರಿ" ಎಂದಳು.

ಕಾಲರು ಸಡಿಲಾಯಿತು. ನಮ್ಮ ಜನ ಹಾಗೆಯೇ, ಹೇಳಿದರೆ ಗೊತ್ತಾಗದ ಸಂಗತಿಯಲ್ಲ ಅದು. ಅಲ್ಲಿದ್ದ ಎಷ್ಟೋ ಜನರ ಮನೆಯಲ್ಲಿ ತಂದೆ ಕಾಕಾ ಆಗಿರಬೇಕು, ಅಣ್ಣ ಆಗಿರಬೇಕು. ಸಿಟ್ಟಿನಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ. "ಹೌದು ಬಿಡ್ರಿ, ನಮ್ಮಲ್ಲೂ ಹಂಗ" ಎಂದು ಎಲ್ಲಿಂದಲೋ ಎರಡು ಮೂರು ದನಿಗಳು ಬಂದವು. ಆ ದನಿಗಳು ಸ್ವಲ್ಪ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಅಷ್ಟರಲ್ಲಿ, ಏಟಿಗೆ ಕೈಜಾರಿ ಬಿದ್ದಿದ್ದ ನನ್ನ ಮೊಬೈಲು ಬಡಿದುಕೊಂಡಿತು. ಬಿಳಿ ಅಂಗಿಯವನೇ ಎತ್ತಿದ. "ಯಾಕ್ರಿ, ಫೋನ್ ಹಚ್ಚಿದ್ರಿ? ಆಕೀ ಊಟಾ ಮಾಡ್ಯಾಳೇನು?" ಎಂದು ನನ್ನ ಹೆಂಡತಿಯ ದನಿ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಅವನು ಮೊಬೈಲನ್ನು ನನ್ನ ಕೈಗಿಟ್ಟ.

ಆಮೇಲೆ ಜನ ಕರಗಿದ್ದು ನೋಡಬೇಕಿತ್ತು. ಮೊಬೈಲು ಎತ್ತಿದವರೆಲ್ಲ ಜೇಬಿಗಿಟ್ಟುಕೊಂಡರು. ಬಿಳಿ ಅಂಗಿಯವನು ತನ್ನ ಚೀಲ ಎತ್ತಿಕೊಂಡು, "ಇನ್ನ ಮ್ಯಾಲರೆ ಹುಷಾರಾಗಿರ್ರಿ" ಎಂದು ನನಗೇ ಬುದ್ಧಿ ಹೇಳಿ ಹೋದ. ಕಾವಲುಗಾರ ಕನ್ನಡಕ ಹುಡುಕಿ ತಂದುಕೊಟ್ಟ, ಒಂದು ಕಡ್ಡಿ ಮುರಿದಿತ್ತು. ಹುಡುಗನ ತಾಯಿ ಮಾತ್ರ ಇನ್ನೂ ಕೂತೇ ಇದ್ದಳು. ಮಗನನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನನ್ನ ಜೀವಾ ಹೋಗಿತ್ರಿ ಅಣ್ಣಾರ" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನದೂ ಹೋಗಿತ್ತು, ಅವಳಿಗೆ ಬೇಗ ಬಂತು, ನನಗೆ ತಡವಾಗಿ. ತೊರವಿಯ ಮುದುಕಿಗೆ ಕೈ ಮುಗಿದೆ. ಏನೂ ಕೊಳ್ಳದೆ ಮಗಳನ್ನು ಎತ್ತಿಕೊಂಡು ನಡೆದೇ ಮನೆಗೆ ಬಂದೆ. ಬರುವಾಗ ತಂದಿದ್ದ ಸ್ಕೂಟರನ್ನು ಅಲ್ಲೇ ಬಿಟ್ಟೆ.

ಸಂಜೆ ಹೆಂಡತಿ ಬಂದಾಗ ಬಾಗಿಲು ಹಾಕಿಕೊಂಡು ಕೂತಿದ್ದೆವು. ನನ್ನ ಕೆನ್ನೆ ನೋಡಿ ಕೇಳಿದಳು, ಹೇಳಿದೆ. ಅವಳು ಅತ್ತಳು, ಆಮೇಲೆ ಬಜಾರಿನವರನ್ನು, ಬಿಳಿ ಅಂಗಿಯವನನ್ನು, ಕರೆಂಟಿನವರನ್ನು ಒಬ್ಬರನ್ನೂ ಬಿಡದೆ ಬೈದಳು. ಕೊನೆಗೆ ಮಗಳನ್ನು ಎದುರಿಗೆ ಕೂರಿಸಿಕೊಂಡು, "ಇವ್ರು ನಿಮ್ಮ ಅಪ್ಪ. ಏನು? ಅಪ್ಪ ಅನಬೇಕು" ಎಂದಳು. ಮಗಳು ತಲೆ ಅಲ್ಲಾಡಿಸಿದಳು. "ಅಪ್ಪ ತ್ವಾಟದಾಗ" ಎಂದಳು. ಎಷ್ಟು ಹೇಳಿದರೂ ಅಷ್ಟೇ. ಒತ್ತಾಯ ಮಾಡಬೇಡವೆಂದು ನಾನೇ ತಡೆದೆ. ನನಗೆ ಕಾಕಾ ಎಂದರೆ ಸಾಕಾಗಿತ್ತು. ಆ ಹೊತ್ತಿನಲ್ಲಿ ನನ್ನ ಕಾಲು ತಬ್ಬಿಕೊಂಡು ಕೂಗಿದ ಮಾತೂ ಅದೇ ಅಲ್ಲವೇ?

ಮರುದಿನ ಬೆಳಿಗ್ಗೆ ಅಣ್ಣ ತಿಕೋಟಾದಿಂದ ಬೈಕಿನಲ್ಲಿ ಬಂದ. ಹೆಂಡತಿ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದಳು. ಚಹಾ ಮುಟ್ಟಲಿಲ್ಲ. "ಅಪ್ಪ!" ಎಂದು ಓಡಿಬಂದ ಮಗಳನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತ. "ನಾ ದೊಡ್ಡಪ್ಪ ಅದೀನಿ, ಯವ್ವಾ. ಅಪ್ಪ ಅಂದ್ರ ಅಂವ. ನೀ ಹಂಗ ಅನ್ಲಿಲ್ಲಂದ್ರ ಮಂದಿ ಅವಂಗ ಮತ್ತ ಬಡೀತಾರ" ಎಂದ. ಕೊನೆಯ ಮಾತು ಹೇಳಬಾರದಿತ್ತು. ಅವನಿಗೂ ಅದು ಹೊರಗೆ ಬಂದ ಮೇಲೆ ಗೊತ್ತಾಯಿತು. ಮಗಳು ಅವನ ಮುಖವನ್ನೊಮ್ಮೆ, ನನ್ನ ಕೆನ್ನೆಯನ್ನೊಮ್ಮೆ ನೋಡಿದಳು. ಅಣ್ಣ ಹೋಗುವಾಗ ಅವಳು ಕೈಬೀಸಿ, "ದೊಡ್ಡಪ್ಪ, ಬರ್ರಿ" ಎಂದಳು. ಅಣ್ಣ ಬೈಕು ಚಾಲೂ ಮಾಡಲು ಮರೆತು ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದ.

ಹೊಸ ಬಜಾರಿಗೆ ನಾವು ಮತ್ತೆ ಹೋಗಿಲ್ಲ. ಮುಂದಿನ ಭಾನುವಾರ ಸಿದ್ಧೇಶ್ವರ ಗುಡಿಯ ಹತ್ತಿರದ ಹಳೆಯ ಪೇಟೆಗೇ ಹೋದೆವು. ಬಯಲು ಜಾಗ, ಹಗಲು ಬೆಳಕು, ಗುರುತಿನ ಅಂಗಡಿ. ಹೆಂಡತಿ ಬಳೆಯಂಗಡಿಯಲ್ಲಿ ನಿಂತಳು, ನಾನು ಮಗಳನ್ನು ಕರೆದುಕೊಂಡು ದಿನಸಿಗೆ ಬಂದೆ. ಅವಳು ನನ್ನ ಎರಡು ಬೆರಳು ಹಿಡಿದಿದ್ದಳು. ದಾರಿಯಲ್ಲಿ ಮೆಂತೆ ಸೊಪ್ಪು ಮಾರುತ್ತಿದ್ದ ಒಬ್ಬ ಹೆಂಗಸು ಸುಮ್ಮನೆ ನಮ್ಮ ಕಡೆ ನೋಡಿ ನಕ್ಕಳು, ಮಕ್ಕಳನ್ನು ಕಂಡರೆ ಎಲ್ಲರೂ ನಗುವ ಹಾಗೆ. ಮಗಳು ನಿಂತುಬಿಟ್ಟಳು. ನನ್ನ ಬೆರಳು ಹಿಡಿದ ಕೈ ತಣ್ಣಗಾಯಿತು. ನನ್ನ ಮುಂದೆ ಬಂದು, ನನಗೆ ಅಡ್ಡವಾಗಿ ನಿಂತು, ಯಾರೂ ಏನೂ ಕೇಳದಿದ್ದರೂ ಆ ಹೆಂಗಸಿಗೆ ಗಟ್ಟಿಯಾಗಿ ಹೇಳಿದಳು:

"ಇವ್ರು ನಮ್ಮ ಅಪ್ಪಾರಿ."

ಆಮೇಲೆ ಪಕ್ಕದ ಉಳ್ಳಾಗಡ್ಡಿ ಮಾರುವವನಿಗೂ ಹೇಳಿದಳು. ಅದರಾಚೆಯ ಲಿಂಬೆಹಣ್ಣಿನವನಿಗೂ ಹೇಳಿದಳು. ಅಂಗಡಿ ಮುಟ್ಟುವವರೆಗೆ ನಮ್ಮ ಕಡೆ ನೋಡಿದ ಒಬ್ಬರನ್ನೂ ಅವಳು ಬಿಡಲಿಲ್ಲ.